ಬಾಯಿ ಕಟ್ಟಿದ ಡ್ರಮ್ಮು

ಬೇವಿನ ನೆರಳಲ್ಲೊಂದು ನೀಲಿ ಡ್ರಮ್ಮು.
ಚಳ್ಳಕೆರೆಯ ಎಣ್ಣೆ ಮಿಲ್ಲಿನ ಹಿಂದೆ
ಏಳುನೂರು ಕೇಳಿದವನಿಗೆ ಐನೂರು ಕೊಟ್ಟು ತಂದದ್ದು.
ಏಳು ಸಲ ಸುಣ್ಣದ ನೀರಲ್ಲಿ ತೊಳೆದರೂ
ಮೈಮೇಲಿನ್ನೂ ಅರ್ಧ ಅಳಿಸಿದ ತಲೆಬುರುಡೆ.

ಅದರೊಳಗೆ ಅತ್ತೆ ದಾನಕ್ಕ ಹಾಕುವುದು ನೋಡಿ:
ಎರಡು ಬುಟ್ಟಿ ಸಗಣಿ, ಕೊಡದ ತುಂಬ ಗಂಜಲ,
ನಸುಕಲ್ಲಿ ರೊಪ್ಪದಿಂದ ಗುಡಿಸಿ ತಂದ ಕುರಿಹಿಕ್ಕೆ,
ಬೀಸುವ ಕಲ್ಲಿಗೆ ಅಂಟಿಕೊಂಡ ಹುರುಳಿ ಹಿಟ್ಟೂ ಬಿಡದೆ;
ನೇಗಿಲು ಮುಟ್ಟದ ಬದುವಿನ ಮಣ್ಣು, ಒಂದೇ ಹಿಡಿ.
"ಹೆಪ್ಪಿಗೆ" ಅಂತಾಳೆ, ಹಾಲಿಗೆ ಹೇಳಿದ ಹಾಗೆ.

ಆಮೇಲೆ ಬೆಲ್ಲ.
ಜಗಳ ಹುಟ್ಟಿದ್ದು ಬೆಲ್ಲದಲ್ಲಿ.

ಒಂದು ಅಚ್ಚು ಸಾಲದೆಂದು ಒಳಗೆ ಬಂದು
ಡಬ್ಬಿಯಲ್ಲಿದ್ದದ್ದನ್ನೂ ಎತ್ತಿಕೊಂಡು ಹೋದಳು.
ಸಂಜೆ ಚಹಾಕ್ಕೆ ನೀರಿಟ್ಟು ಮುಚ್ಚಳ ತೆಗೆದರೆ
ತಳದಲ್ಲಿ ಎರಡು ಇರುವೆ.
"ಮನುಷ್ಯರಿಗಿಲ್ಲದ ಸಿಹಿ ಸಗಣಿಗೋ?" ಅಂದೆ.
ಅವಳು ಏನೂ ಅನ್ನಲಿಲ್ಲ. ಕೋಲು ತಗೊಂಡು
ಬಲಕ್ಕೆ ನೂರು ಸುತ್ತು ತಿರುವಿದಳು.

ಮೂರು ದಿನ.
ಮುದ್ದೆ ಇಟ್ಟ ಸದ್ದು, ತಟ್ಟೆ ಎಳೆದ ಸದ್ದು,
ಗುಡ್ಡದ ಮೇಲೆ ಗಾಳಿಯಂತ್ರದ ರೆಕ್ಕೆ ಸದ್ದು,
ಡ್ರಮ್ಮಿನೊಳಗೆ ಗುಳುಗುಳು.
ಇಡೀ ಮನೆಯಲ್ಲಿ ಮಾತಾಡುತ್ತಿದ್ದುದು ಅದೊಂದೇ.

ನೊಣ ಮುತ್ತಿತು. ಗೋಣಿತಾಟು ಸಾಲದೆನಿಸಿ
ನಾನೇ ಮುಚ್ಚಳ ಒತ್ತಿ, ಕಬ್ಬಿಣದ ಪಟ್ಟಿ ಬಿಗಿದು,
ಮೇಲೊಂದು ಸೈಜುಗಲ್ಲು ಹೇರಿ ಬಂದೆ.
ಸಿಟ್ಟಿನಿಂದಲ್ಲ.
ಸ್ವಲ್ಪ ಸಿಟ್ಟಿನಿಂದ.

ಮಾರನೆಯ ಮಧ್ಯಾಹ್ನ ಡ್ರಮ್ಮಿನ ಹೊಟ್ಟೆ
ದಿನ ತುಂಬಿದವಳ ಹಾಗೆ ಉಬ್ಬಿತ್ತು.
"ಯಾವಳೇ ಇದರ ಬಾಯಿ ಕಟ್ಟಿದೋಳು!"
ಮೂರು ದಿನದ ಮೇಲೆ ದಾನಕ್ಕನ ಮೊದಲ ಮಾತು.
ಓಡಿದೆ. ಅವಳು ಕಲ್ಲು ಎತ್ತಿದಳು,
ನಾನು ಪಟ್ಟಿ ಸಡಿಲಿಸಿದೆ,

ಮುಚ್ಚಳ ಬೇವಿನ ಕೊಂಬೆಗೆ ಬಡಿದು ಬಿತ್ತು.
ಕಾಗೆಗಳೆಲ್ಲ ಎದ್ದವು.
ನೊರೆಯೋ ನೊರೆ: ಮುಖಕ್ಕೆ, ಮುಡಿಗೆ, ಬೆಳ್ಳನೆ ಗೋಡೆಗೆ,
ಬೈಯಲು ತೆರೆದ ಅವಳ ಬಾಯಿಗೂ ಒಂದಿಷ್ಟು.

ಉಗುಳುತ್ತಾಳೆ ಅಂದುಕೊಂಡೆ.
ನಾಲಗೆ ಚಪ್ಪರಿಸಿ, ಕಣ್ಣು ಕಿರಿದು ಮಾಡಿ,
"ಹುಳಿ ಬಂದೈತೆ" ಅಂದಳು.
"ಹುಳ ಬಿದ್ರೆ ಕೊಳೆತದ್ದು, ಹುಳಿ ಬಂದ್ರೆ ಕಳಿತದ್ದು.
ಮೂಸಿ ನೋಡು, ನಾರ್ತೈತಾ?"

ಮೂಸಿದೆ. ನಾರುತ್ತಿರಲಿಲ್ಲ.
ರಾತ್ರಿ ಉಳಿದ ಅಂಬಲಿಯ ವಾಸನೆ,
ಅದರಡಿಯಲ್ಲಿ, ಎಲ್ಲೋ, ನನ್ನ ಬೆಲ್ಲ.

ಬಚ್ಚಲಲ್ಲಿ ಒಬ್ಬರ ಬೆನ್ನಿಗೊಬ್ಬರು ನೀರು ಹೊಯ್ದೆವು.
ಉಳಿದ ಮುಕ್ಕಾಲು ಡ್ರಮ್ಮಿಗೆ ಹತ್ತರಷ್ಟು ನೀರು ಬೆರೆಸಿ
ಈರುಳ್ಳಿ ಮಡಿಗೆ ಬಿಟ್ಟೆವು; ಬಕೆಟ್ಟು ನಾನು, ಮಗ್ಗು ಅವಳು.

ಗೋಡೆಯ ಕಲೆ ಮಾತ್ರ ಹಾಗೇ ಇದೆ.
ಉಗಾದಿಗೆ ಸುಣ್ಣ ಬಳಿದರೂ ಮತ್ತೆ ಮೂಡಿತು.
ಅದರ ಬುಡದಲ್ಲಿ ಯಾರೂ ಊರದ ಸೋರೆ ಬಳ್ಳಿ.

ಸಂತೆಯಲ್ಲೀಗ ಬೆಲ್ಲ ಎರಡಚ್ಚು ಹೆಚ್ಚಿಗೆ ತರುತ್ತೇನೆ.
ಒಂದನ್ನು ಹಳೇ ಕ್ಯಾಲೆಂಡರಿನ ಹಾಳೆಯಲ್ಲಿ ಸುತ್ತಿ
ರಾಗಿ ವಾಡೆಯ ಹಿಂದೆ ಬಚ್ಚಿಡುತ್ತೇನೆ.
ಅವಳಿಗೆ ಜಾಗ ಗೊತ್ತು.