ನಾಲ್ಕು ಸಾಲಿನ ಹೊಲ

ಓಣಿ ಹುಡುಗರು ಇದಕ್ಕ ಎಮ್ಮಿ ಪಿಟೀಲು ಅಂತಾರ.
ತಪ್ಪೇನಿಲ್ಲ. ನನಗಿಂತ ಒಂದು ಗೇಣು ಎತ್ತರ,
ಹೊಟ್ಟಿ ದೊಡ್ಡದು, ದನಿ ತಳದಾಗಿಂದು,
ಬಾಗಲದಾಗ ಒಮ್ಮೆ ಸಿಕ್ಕೊಂಡರ
ಹಿಂದೂ ಬರಂಗಿಲ್ಲ, ಮುಂದೂ ಹೋಗಂಗಿಲ್ಲ.

ಬೆಟಗೇರಿ ಚರ್ಚಿನ ಹಿಂದಿನ ಕೋಣ್ಯಾಗ
ಮುರಕ ಬೆಂಚಿನ ಜೋಡಿ ಹನ್ನೊಂದು ವರ್ಷ ನಿಂತಿತ್ತು.
ಎಲೀಷ ಮಾಸ್ತರು ತೀರಿದ ಮ್ಯಾಲೆ
ಯಾರೂ ಮುಟ್ಟಿದ್ದಿಲ್ಲ. ಮೂರು ತಂತಿ ತುಕ್ಕು,
ನಾಕನೇದು ಹರದು, ಸುರುಳಿ ಸುತ್ತಿ
ಕುತ್ತಿಗಿಗೆ ಜೋತುಬಿದ್ದಿತ್ತು.
"ಸುಗಂಧಾ, ನೀ ಮಗ್ಗದಾಕಿ,
ದಾರದ ಮರ್ಜಿ ನಿನಗ ಗೊತ್ತು"
ಅಂದು ಕೀಲಿ ಕೊಟ್ಟರು ಸಭಾಪಾಲಕರು.

ಉಕ್ಕಿನ ತಂತಿ ಹುಬ್ಬಳ್ಳ್ಯಾಗ ಕೇಳಿದೆ.
ಮುಂಬೈಯಿಂದ ತರಸಬೇಕು, ಹದಿನಾಲ್ಕು ಸಾವಿರ,
ಅಂದ ಅಂಗಡ್ಯಾಂವ, ಗಿಟಾರ್ ಒರಸಿಕೋತ.
ಹದಿನಾಲ್ಕು ಸಾವಿರಕ್ಕ ಎಷ್ಟು ಸೀರಿ ನೇಯಬೇಕು
ಅಂತ ಬಸ್ಸಿನ್ಯಾಗ ಲೆಕ್ಕಾ ಹಾಕಿದೆ.
ಅಣ್ಣಿಗೇರಿ ಬರೂದ್ರಾಗ ಬಿಟ್ಟೆ.

ಗದಗಿನ್ಯಾಗ ಕೃಷಿ ಸಾಮಾನಿನ ಅಂಗಡಿ ಮುಂದ
ಕಳೆ ಕೊಯ್ಯೋ ಮಶೀನಿನ ನೈಲಾನ್ ದಾರ
ಉಂಡಿ ಉಂಡಿ ತೂಗಬಿಟ್ಟಿದ್ದರು, ಕೇಸರಿ, ಹಸರು,
ಮೀಟರಿಗೆ ಹನ್ನೆರಡು ರೂಪಾಯಿ.
"ಎರಡು ಮಿಲಿಮೀಟರಿಂದು, ಎರಡೂವರಿದು,
ಮೂರರದು, ಮೂರೂವರಿದು.
ಒಂದೊಂದೂ ಎರಡು ಮೀಟರು."
ಅಂವ ಕನ್ನಡಕ ಏರಿಸಿದ. "ಅಕ್ಕಾರ, ಯಾವ ಮಶೀನು?"
"ನಿಂತು ನಡಸೂದು."
"ಹೊಲ ಎಷ್ಟೈತಿ?"
"ನಾಲ್ಕು ಸಾಲು."
ತೊಂಬತ್ತಾರು ರೂಪಾಯಿ. ಚೀಲಾ ಬ್ಯಾಡಂದೆ.

ಮದಲ ದಿನ ಮೋಸಾತು. ಮೂರರ ದಾರ ಚೌಕೋನಿ ಇತ್ತು,
ಕಳೆಗೆ ಭೇಷ್, ಬೆರಳಿಗೆ ಬ್ಲೇಡು.
ರಕ್ತಾ ಒರಸಿಕೊಂಡು ಹೋಗಿ ದುಂಡಂದು ತಂದೆ.

ಆಮ್ಯಾಲೆ ಗಂಟು. ನೈಲಾನಿಗೆ ನಾಚಿಕಿಲ್ಲ,
ಎಂಥಾ ಗಂಟಿನ್ಯಾಗಿಂದೂ ಮೆಲ್ಲಕ ಜಾರತೈತಿ.
ಅವ್ವ ಕಲಿಸಿದ ಗಂಟು ಹಾಕಿ
ತುದಿ ಮೇಣದಬತ್ತಿಗೆ ಹಿಡದು ಮಣಿ ಮಾಡಿದೆ.
ಸುಟ್ಟ ವಾಸನಿಗೆ ಸಭಾಪಾಲಕರ ಬೆಕ್ಕು ಸೀನಿತು.

ಬಿರಡಿ ತಿರುವಿದೆ, ಸುರ್ತಿ ಕೂಡಿತು.
ಮುಂಜಾನೆ ಬಂದು ನೋಡಿದರ ಎಲ್ಲಾ ಇಳದಿತ್ತು.
ಮತ್ತ ತಿರುವಿದೆ. ಮತ್ತ ಇಳೀತು.
ಏಳು ದಿನ.
ಹೊಸ ಹಾಸೂ ಹಂಗ. ಮಗ್ಗಕ್ಕ ಏರಿಸಿದಾಗ
ಎಳದಷ್ಟೂ ಬರತೈತಿ, ಆಮ್ಯಾಲೆ ಒಂದು ದಿನ
ಸಾಕು ಅಂತೈತಿ.
ಎಂಟನೇ ದಿನ ಅಂತು.

ಕಮಾನು ಮಾತ್ರ ಒಲ್ಲೆ ಅಂದಬಿಟ್ಟಿತು.
ರಾಳ ಎಷ್ಟು ತಿಕ್ಕಿದರೂ
ಹಸಿ ಬೆರಳಿಲೆ ಗಾಜು ಒರಸಿದಂಗ ಕಿರ್ರ್.
ಮೊಳಿಗೆ ತೂಗಹಾಕಿದೆ. ಇನ್ನ ಮೀಟೂದಷ್ಟ.
ಮೀಟಿದರ ಉಕ್ಕಿನಂಗ ಉದ್ದಕ ಹಾಡಂಗಿಲ್ಲ ಇದು,
ದುಮ್ ಅಂತ ಒಂದ ಮಾತು ಹೇಳಿ
ಕುಂತಬಿಡತೈತಿ, ಕುಣಿಮಗ್ಗದಾಗ
ಅಪ್ಪ ಕಾಲು ಒತ್ತಿದಂಗ.

ಐತವಾರ ಎಲ್ಲಾರ ಮುಂದ ನಿಂತೆ,
ಕೇಸರಿ ಎರಡು, ಹಸರು ಎರಡು.
"ಪತಂಗಕ್ಕ ಕಟ್ಟೂದೇನು?" ಅಂದ ಹಾರ್ಮೋನಿಯಮ್ಮಿನ ದೇವಸುಂದರ.
ಮದಲನೇ ಬೆಂಚಿನ್ಯಾಗ ಮಾಸ್ತರ ಹೆಂಡತಿ, ಯೂನೀಸಮ್ಮ,
ಕಿವಿ ಅಷ್ಟಕ್ಕಷ್ಟ.
ಹಾಡು ಮುಗಿಯೂತನಾ ಅಂಗೈ ಬೆಂಚಿನ ಮ್ಯಾಲ ಇಟ್ಟಿದ್ದಳು.
ಹೊರಗ ಚಪ್ಪಲಿ ಹುಡುಕುವಾಗ ಅಂದಳು:
"ಅವರ ಕೈಯಾಗ ಅಳತಿತ್ತು ಅದು.
ನಿನ್ನ ಕೈಯಾಗ ಕೆಲಸಾ ಮಾಡತೈತಿ."
ಹೊಗಳಿದ್ದೋ ಬೈದದ್ದೋ, ಕೇಳಲಿಲ್ಲ ನಾನು.

ಮೊನ್ನೆ ಸಂತ್ಯಾಗ ಆ ಅಂಗಡ್ಯಾಂವ ಸಿಕ್ಕ.
"ಅಕ್ಕಾರ, ಕಳೆ ಹೋತೇನ್ರಿ?"
ಇನ್ನೂ ಒಂದೀಟು ಐತಿ, ಅಂದೆ.
ಎರಡನೇ ಸಾಲಿನ್ಯಾಗ.