ಫೈನ್ ಎಂದರೆ

ಶಾರ್ಜಾದ ರೋಲಾದಲ್ಲಿ, ಮೊಬೈಲ್ ರಿಪೇರಿಗೂ
ಶವರ್ಮಾ ಅಂಗಡಿಗೂ ನಡುವೆ
ಒಂದೂವರೆ ಆಳಿನ ಅಗಲದ ಟೈಪಿಂಗ್ ಸೆಂಟರು.
ಅಲ್ಲಿ ಕೂತು ನಾನು ಜನರ ಗೋಳನ್ನು
ಅರಬ್ಬಿಯಲ್ಲಿ ಬಲದಿಂದ ಎಡಕ್ಕೆ,
ಇಂಗ್ಲಿಷಿನಲ್ಲಿ ಎಡದಿಂದ ಬಲಕ್ಕೆ ಕುಟ್ಟುತ್ತೇನೆ.
ಎರಡೂ ನಡುವೆಲ್ಲೋ ಡಿಕ್ಕಿ ಹೊಡೆಯುತ್ತವೆ.

ಹುಸೇನಪ್ಪ ಬಂದದ್ದು ಆಗಸ್ಟಿನ ಮಧ್ಯಾಹ್ನ.
ಮಸ್ಕಿ ಕಡೆಯವನು, ಪ್ಲಾಸ್ಟರ್ ಮೇಸ್ತ್ರಿ,
ರೆಪ್ಪೆಗೂದಲಿನಲ್ಲೂ ಸಿಮೆಂಟು.
ಪಾಸ್‌ಪೋರ್ಟು ಕಂಪನಿಯ ಹತ್ತಿರ,
ಕಂಪನಿ ಯಾರ ಹತ್ತಿರವೋ ಗೊತ್ತಿಲ್ಲ.
ಕಾರ್ಡಿನ ನಂಬರು ಹಾಕಿದೆ. ಪರದೆ ಕೆಂಪಗಾಯಿತು.
"ನಿಮಗೆ ಫೈನ್ ಇದೆ" ಎಂದೆ.

ಅವನು ನಕ್ಕ.
"ಹೌದ್ರೀ, ಎಲ್ಲಾರೂ ಹಂಗ ಅಂತಾರ."

ಹನ್ನೊಂದು ವರ್ಷಕ್ಕೆ ಅವನು ಗಳಿಸಿದ ಇಂಗ್ಲಿಷು
ಅದೊಂದೇ ಪದ, ಸವೆದು ಕೈಗೆ ಕೂತ ಕರಣೆಯ ಹಾಗೆ.
ಮೂರು ಸಲ ಜರಡಿ ಹಿಡಿದ ಮರಳು, ಫೈನ್.
ಫೋರ್‌ಮನ್ನು ಗೋಡೆಯ ಮೇಲೆ ಹೆಬ್ಬೆರಳು ಎಳೆದು
ಏನೂ ಅಂಟದಿದ್ದರೆ, ಫೈನ್; ಆವತ್ತು ಬೈಗುಳ ಇಲ್ಲ.
ಹುಲಿಗೆಮ್ಮ ಫೋನಿನಲ್ಲಿ "ಹೆಂಗದೀ" ಅಂದರೆ ಫೈನ್,
ಕಂಪನಿಗೆ ಬೀಗ ಬಿದ್ದ ರಾತ್ರಿಯೂ ಫೈನ್,
ಕ್ಯಾಂಪಿನಲ್ಲಿ ಕರೆಂಟಿಲ್ಲದೆ, ಬನಿಯನ್ನು ನೆನೆಸಿ
ಎದೆಯ ಮೇಲೆ ಹಾಸಿಕೊಂಡು ಮಲಗಿದಾಗಲೂ.

ಹೇಗೆ ಬಿಡಿಸಿ ಹೇಳಲಿ?
"ದಂಡ ಕಣಪ್ಪಾ," ಎಂದೆ. "ನಾನೂರ ಹನ್ನೆರಡು ದಿನ.
ದಿನಕ್ಕೆ ಐವತ್ತರಂತೆ ಇಪ್ಪತ್ತು ಸಾವಿರದ ಆರುನೂರು."

ಅವನು ಲೆಕ್ಕ ಕೇಳಲಿಲ್ಲ. ಪದವನ್ನೇ ಹಿಡಿದುಕೊಂಡ.
"ದಂಡ ಆತೇನ್ರೀ? ಹನ್ನೊಂದು ವರ್ಸ, ಅಷ್ಟೂ?"

ಅಲ್ಲ, ಆ ದಂಡ ಅಲ್ಲ, ಎನ್ನಬೇಕೆಂದಿದ್ದೆ.
ಮತ್ತೆ ಯಾವ ದಂಡ?
ನನ್ನ ಕನ್ನಡವೂ ಅಲ್ಲೇ ಕೈಕೊಟ್ಟಿತು.

ಪಕ್ಕದ ಕುರ್ಚಿಯ ತಂಗಚ್ಚನ್, ಹಳೇ ಕೈ,
ಸುಲೈಮಾನಿ ಹೀರುತ್ತಾ ಎಚ್ಚರಿಸಿದ:
ಅರಬ್ಬಿಯಲ್ಲಿ ದಂಡಕ್ಕೆ ಗರಾಮಾ,
ಬಾಲದ ಅಕ್ಷರ ಬಿಟ್ಟರೆ ಗರಾಮ್, ಅಂದರೆ ಮೋಹ.
ನೋಡಿ ಹೊಡಿ ಮಾರಾಯಾ, ಕೀಲಿ ಒಂದು ಜಾರಿದರೆ
ಇವನು ಸರ್ಕಾರಕ್ಕೆ ಬಾಕಿ ಇಟ್ಟದ್ದು
ನಾನೂರ ಹನ್ನೆರಡು ದಿನದ ಮೋಹ.

ಎರಡೆರಡು ಸಲ ನೋಡಿ ಹೊಡೆದೆ.
ಮನ್ನಾ ಮಾಡಬೇಕಾಗಿ ವಿನಂತಿ.
ಸಹಿಯ ಜಾಗದಲ್ಲಿ ಹೆಬ್ಬೆಟ್ಟು ಒತ್ತಿದ;
ಸುಣ್ಣ ತಿಂದ ಬೆರಳು, ಗೆರೆಯೇ ಮೂಡಲಿಲ್ಲ,
ಬರೀ ನೀಲಿ, ನುಣ್ಣಗೆ.
ಟೈಪಿಂಗಿನ ಮೂವತ್ತು ದಿರ್ಹಮ್ ನಾನು ತಗೊಂಡೆ.
ಅದನ್ನೂ ಇಲ್ಲಿ ಬರೆದಿಡಬೇಕು.

ಹೋಗುವಾಗ ಏಸಿಯ ನೀರು ಕುಡಿದು ಊದಿಕೊಂಡ
ನನ್ನ ಬೆನ್ನ ಹಿಂದಿನ ಗೋಡೆಗೆ
ಅದೇ ಹೆಬ್ಬೆರಳು ಎಳೆದು ನೋಡಿದ.
"ಇದು ಫೈನ್ ಇಲ್ರೀ ಸರ.
ಒಂದ್ ಶುಕ್ರವಾರ ಬಂದು ಮಾಡಿಕೊಡ್ತೀನಿ."

ಎಷ್ಟು ಶುಕ್ರವಾರಗಳು ಹೋದವೋ.
ಅರ್ಜಿ ಪರಿಶೀಲನೆಯಲ್ಲಿದೆ ಎನ್ನುತ್ತದೆ ಪರದೆ,
ಅದರ ಕೆಳಗೆ ಅಂಕಿ ದಿನಾ ಐವತ್ತು ಏರುತ್ತದೆ.
ಕುರ್ಚಿ ಹಿಂದೆ ಸರಿಸಿದಾಗಲೆಲ್ಲ
ಗೋಡೆ ಉದುರಿ ಕೀಬೋರ್ಡಿನ ಮೇಲೆ ಬೀಳುತ್ತದೆ
ಬಿಳಿ ಪುಡಿ, ಊದಿದರೆ ಹಾರುವಷ್ಟು
ಫೈನ್.