ಎಂಟನೇ ಟೇಬಲ್

ಬಿಳಿ ಕೋಟು ಹೊಲಿಸಿದ್ದು ಕಟ್ಟಿನಕೆರೆ ಮಾರ್ಕೆಟ್ಟಿನ ಹಿಂದೆ.
ತೋಳು ಎರಡಂಗುಲ ಉದ್ದ.
‘ಐದು ವರ್ಷ ಹಾಕ್ಬೇಕಲ್ಲವಾ, ಇರಲಿ’ ಎಂದ ಟೈಲರ್,
ಹದಿನೆಂಟು ದಾಟಿದ ಮೇಲೂ ಕೈ ಬೆಳೆಯುತ್ತದೆ ಎಂಬಂತೆ.

ಮೊದಲ ವಾರ ಕಲಿತದ್ದು ಒಂದೇ:
ಫಾರ್ಮಲಿನ್ ಸೋಪಿಗೆ ಜಗ್ಗುವುದಿಲ್ಲ.
ಉಗುರ ಸಂದಿಯಲ್ಲಿ ಕೂತು ಮೆಸ್ಸಿಗೂ ಬರುತ್ತದೆ,
ಚಿತ್ರಾನ್ನಕ್ಕೆ ನನಗಿಂತ ಮುಂಚೆ ಕೈ ಹಾಕುತ್ತದೆ.
ಸೀಕರ್‌ನ ಪೂನಮ್ ಚಮಚ ಕೊಟ್ಟಳು,
ನಾನು ಅವಳಿಗೆ ‘ಊಟ ಆಯ್ತಾ’ ಕಲಿಸಿದೆ.
ಈಗ ಸೆಕ್ಯುರಿಟಿಯವರಿಗೂ ಡೀನ್ ಸಾಹೇಬರಿಗೂ ಅದೇ ಕೇಳುತ್ತಾಳೆ,
ರಾತ್ರಿ ಹನ್ನೊಂದಕ್ಕೂ.

ದುದ್ದದ ಹೈಸ್ಕೂಲಿನಲ್ಲಿ ನನ್ನನ್ನು ಮೀರಿಸಿದವರಿಲ್ಲ.
ಇಲ್ಲಿ ನನ್ನ ಭುಜದ ಮೂಳೆಗೇ ನನಗೆ ಬಾರದ ಹೆಸರು.
ಮೊದಲ ಇಂಟರ್ನಲ್: ನೂರಕ್ಕೆ ಮೂವತ್ತೊಂದು.
ನೋಟೀಸ್ ಬೋರ್ಡಿನ ಗಾಜಿನಲ್ಲಿ ನನ್ನ ಮುಖ
ಸರಿಯಾಗಿ ಆ ಅಂಕದ ಮೇಲೇ ಬಿದ್ದಿತ್ತು.
ಊರಿಗೆ ಬಸ್ಸಿನಲ್ಲಿ ಅರ್ಧ ಗಂಟೆ;
ಮೂರು ವಾರ ಹೋಗಲಿಲ್ಲ.
‘ಓದು ಹೆಂಗೈತವ್ವಾ?’
‘ಚೆನ್ನಾಗೈತೆ.’

ಎಂಟನೇ ಟೇಬಲ್ಲಿನ ಮೇಲೆ ಅವರು.
ಮೊದಲ ದಿನ ಕೈ ಮುಂದೆ ಚಾಚಿ
ಅವರ ಮುಂದೆ ಪ್ರಮಾಣ ಮಾಡಿದ್ದೆವು, ಇಂಗ್ಲಿಷಿನಲ್ಲಿ.
ತಿಳಿಯಿತೋ ಇಲ್ಲವೋ.
ಬೋರಲು ಬಿದ್ದ ಎಡಗೈಯ ಅಂಚಿನಲ್ಲಿ ಹಸಿರು ಹಚ್ಚೆ, ಮಾಸಿದ್ದು:
ಸಾ, ಆಮೇಲೆ ಕ.
ಆ ಇಡೀ ಹಾಲಿನಲ್ಲಿ ಇದ್ದ ಕನ್ನಡ ಅಷ್ಟೇ.

ಸಾಕಾ?
ಅಮ್ಮ ಮುದ್ದೆ ಹಿಡಿದು ಕೇಳುವ ಹಾಗೆ.
ಎದೆ ಮುಗಿಯಿತು, ಕಂಕುಳು ಮುಗಿಯಿತು,
ಸಾಕಾ? ಸಾಕಾ?
ಒಂದು ದಿನ ಮಾಸ್ಕಿನೊಳಗೇ ‘ಹೂಂ’ ಎಂದೆ.
ಟಿಸಿಗೆ ಅರ್ಜಿ ಬರೆದು
ಹಿಸ್ಟಾಲಜಿ ರೆಕಾರ್ಡಿನ ಕೊನೆಯ ಹಾಳೆಗೆ ಸಿಕ್ಕಿಸಿದೆ.

ಡಿಸೆಂಬರಿನ ಮಧ್ಯಾಹ್ನ. ಹಿರಣ್ಮಯಿ ಮೇಡಂ ಬಂದರು.
‘ಸುಪೈನೇಷನ್. ಯಾರು ಹೇಳ್ತೀರಿ?’
ಇಪ್ಪತ್ತು ಜನ ನೆಲ ನೋಡಿದೆವು.
‘ಅಯ್ಯೋ, ಪ್ರಸಾದ ಹೆಂಗ್ ತಗೋತೀರ್ರೇ?’
ಬಿಗಿದ ಕೀಲನ್ನು ಒಲಿಸಿ ಒಲಿಸಿ
ಆ ಕೈಯನ್ನು ಅಂಗಾತ ಮಾಡಿದರು.
ಒಳಮಗ್ಗುಲಿನಿಂದ ಎದ್ದು ಬಂತು ಉಳಿದದ್ದು:
ಮ್ಮ.

ಸಾಕಮ್ಮ.
ನನ್ನನ್ನು ಅದು ಏನೂ ಕೇಳುತ್ತಿರಲಿಲ್ಲ.
ಹೆಂಡತಿಯೋ, ಹೆತ್ತವಳೋ, ಸಾಕಿದವಳೋ;
ಇನ್ನು ಹೆಣ್ಣು ಬೇಡವೆಂದು ಯಾರೋ ಯಾರಿಗೋ ಇಟ್ಟ ಹೆಸರನ್ನು
ಒಬ್ಬ ಗಂಡಸು ಬೇಕೆಂದು
ಸೂಜಿಯಿಂದ ಚುಚ್ಚಿಸಿಕೊಂಡಿದ್ದ.

‘ಮುಂಗೈ ಚರ್ಮ ಯಾರು ಬಿಡಿಸ್ತೀರಿ?’
ಕೈ ಎತ್ತಿದೆ. ಉದ್ದದ ತೋಳು ಮೊಣಕೈಗೆ ಜಾರಿತು.
ಎಪಿಎಂಸಿ ಶೆಡ್ಡಿನ ನೆರಳು, ಬಿತ್ತನೆ ಆಲೂಗಡ್ಡೆಯ ರಾಶಿ,
ದಿನಗೂಲಿಗೆ ಕೂತ ಅಮ್ಮ, ಪಕ್ಕದಲ್ಲಿ ಆರನೇ ಕ್ಲಾಸಿನ ನಾನು:
‘ಕಣ್ಣು ಉಳಿಸ್ಕೊಂಡು ಕೊಯ್ಯವ್ವ.
ಕಣ್ಣಿಲ್ಲದ ಹೋಳು ಮಣ್ಣಲ್ಲಿ ಕೊಳೀತದೆ.’
ಅಕ್ಷರಗಳಿಗೆ ತಾಗದಂತೆ, ಆಚೆ, ಬ್ಲೇಡು ಇಟ್ಟೆ.
ಪೂನಮ್ ಕೈ ಹಿಡಿದುಕೊಂಡಿದ್ದಳು,
ನನ್ನದಲ್ಲ, ಅವರದು.

ಈಗ ದಿನಾ ಎರಡಕ್ಕೆ ಆ ಹೆಸರನ್ನು ಮಗುಚಿ
ಅಡಿಯಲ್ಲಿ ನರ ಹುಡುಕುತ್ತೇವೆ.
ನಾಲ್ಕಕ್ಕೆ, ಒದ್ದೆ ಬಟ್ಟೆ ಹೊದಿಸುವ ಮುಂಚೆ,
ಮತ್ತೆ ಮುಚ್ಚುತ್ತೇವೆ.
ಎರಡನೇ ಇಂಟರ್ನಲ್: ನಲವತ್ತಾರು. ಪಾಸಿಗೆ ಇನ್ನೂ ನಾಲ್ಕು ಕಡಿಮೆ.
ಅರ್ಜಿಯನ್ನು ಹರಿದಿಲ್ಲ, ಅಲ್ಲೇ ಇದೆ.

ಶನಿವಾರ ಊರಿಗೆ ಹೋದೆ.
ಎರಡನೇ ಮುದ್ದೆ ಹಿಡಿದು ಅಮ್ಮ ಕೇಳಿದಳು, ‘ಸಾಕಾ?’
ಅಂಗೈ ಮೇಲು ಮಾಡಿ ಚಾಚಿದೆ.
ಒಳಗೆ ಅಡ್ಡ ಬಿದ್ದಿದ್ದ ಮೂಳೆ ಪಕ್ಕಕ್ಕೆ ಸರಿದು ನಿಂತಿತು.
‘ಇದೇನೇ ಇಂಥಾ ವಾಸ್ನೆ, ಕೈ ತೊಳೀಲಿಲ್ವಾ?’
‘ತೊಳ್ದೆ’ ಅಂದೆ. ‘ಪಾಠದ್ದು.’